ಕ್ಯಾಡ್ಮಿಯಂಗೆ ಐಸೋಟೋಪ್ ಡೈಲ್ಯೂಷನ್: ನಾನು ಮಾಡುವ ರೀತಿ

ಎಲೆಪುಡಿ, ಮಣ್ಣು, ಕೆರೆಯ ಹೂಳು, ಇಂಥ ಸ್ಯಾಂಪಲ್‌ಗಳಲ್ಲಿ ಕ್ಯಾಡ್ಮಿಯಂ ಎಷ್ಟಿದೆ ಅಂತ ಅಳೆಯುವುದು ನನ್ನ ಕೆಲಸ. ದಿನನಿತ್ಯದ ಸ್ಯಾಂಪಲ್‌ಗಳಿಗೆ ಐಸಿಪಿ-ಎಂಎಸ್‌ನಲ್ಲಿ (ಪರಮಾಣುಗಳನ್ನು ಅಯಾನ್ ಮಾಡಿ, ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಮೆಷಿನ್) ಮಾಮೂಲಿ ಕ್ಯಾಲಿಬ್ರೇಷನ್, ಅಂದರೆ ಪ್ರಮಾಣ ಗೊತ್ತಿರುವ ದ್ರಾವಣಗಳ ಜೊತೆ ಹೋಲಿಕೆ, ಸಾಕು. ಬಂದ ಸಂಖ್ಯೆಯನ್ನು ಯಾರಾದರೂ ಪ್ರಶ್ನಿಸಬಹುದು ಅನ್ನಿಸಿದಾಗ ಮಾತ್ರ ಐಸೋಟೋಪ್ ಡೈಲ್ಯೂಷನ್ ಮಾಡುತ್ತೇನೆ. ಹೊಸಬರು ಇದನ್ನು ದೊಡ್ಡ ಮೆಷಿನ್‌ನ ಕೈಚಳಕ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಫಲಿತಾಂಶದ ಬಹುಪಾಲು ತಕ್ಕಡಿಯ ಮುಂದೆಯೇ ನಿರ್ಧಾರವಾಗಿಬಿಡುತ್ತದೆ.

ನಿಸರ್ಗದಲ್ಲಿ ಸಿಗುವ ಕ್ಯಾಡ್ಮಿಯಂಗೆ ಎಂಟು ಐಸೋಟೋಪ್‌ಗಳಿವೆ, ಅಂದರೆ ತೂಕ ಮಾತ್ರ ಬೇರೆಯಾದ ಎಂಟು ಬಗೆಯ ಪರಮಾಣುಗಳು. ಅದರಲ್ಲಿ 111 ಸುಮಾರು 12.8%, 114 ಸುಮಾರು 28.7%. ಸ್ಯಾಂಪಲ್ ಎಲ್ಲಿಂದ ಬಂದರೂ ನಮ್ಮ ಲೆಕ್ಕಕ್ಕೆ ಈ ಪಾಲು ಬದಲಾಗುವುದಿಲ್ಲ. ಅಂದರೆ 111ಕ್ಕೂ 114ಕ್ಕೂ ಇರುವ ಅನುಪಾತ ಸುಮಾರು 0.445. ಈಗ 111 ಐಸೋಟೋಪೇ 95% ಇರುವ, 114 ಬರೀ 1% ಇರುವ ಕ್ಯಾಡ್ಮಿಯಂ ದ್ರಾವಣವನ್ನು ತೂಗಿ ಸ್ಯಾಂಪಲ್‌ಗೆ ಹಾಕುತ್ತೇನೆ. ಇದೇ ಸ್ಪೈಕ್. ಎರಡೂ ಚೆನ್ನಾಗಿ ಬೆರೆತ ಮೇಲೆ ಅನುಪಾತ ಎಲ್ಲಿಗೆ ಬಂದು ನಿಂತಿದೆ ಅಂತ ನೋಡಿದರೆ ಸ್ಯಾಂಪಲ್‌ನಲ್ಲಿ ಎಷ್ಟಿತ್ತು ಅನ್ನುವುದು ಲೆಕ್ಕಕ್ಕೆ ಸಿಗುತ್ತದೆ.

ಉದಾಹರಣೆಗೆ, ಬೆರಕೆಯ ಅನುಪಾತ 2.00 ಬಂತು ಅಂತಿಟ್ಟುಕೊಳ್ಳಿ. ಸ್ಪೈಕ್‌ನಲ್ಲಿ 111ರ ಪಾಲು 95, 114ರ ಪಾಲು 1. 95ರಿಂದ 1ರ ಎರಡರಷ್ಟು, ಅಂದರೆ 2 ಕಳೆದರೆ 93. ಸ್ಯಾಂಪಲ್‌ನ ಕಡೆ 114ರ ಪಾಲಾದ 28.73ರ ಎರಡರಷ್ಟರಿಂದ 111ರ ಪಾಲು 12.80 ಕಳೆದರೆ 44.66. ಭಾಗಿಸಿದರೆ 2.08. ಅಂದರೆ ಸ್ಪೈಕ್‌ನ ಒಂದೊಂದು ಪರಮಾಣುವಿಗೆ ಸ್ಯಾಂಪಲ್‌ನವು 2.08 ಇವೆ. ಹಾಕಿದ ಸ್ಪೈಕ್ 1 ನ್ಯಾನೋಮೋಲ್ (ಪರಮಾಣುಗಳನ್ನು ಎಣಿಸುವ ಅಳತೆ) ಆಗಿದ್ದರೆ ಸ್ಯಾಂಪಲ್‌ನಲ್ಲಿ ಇದ್ದದ್ದು ಸುಮಾರು 234 ನ್ಯಾನೋಗ್ರಾಂ. ಅರ್ಧ ಗ್ರಾಂ ಪುಡಿ ತೆಗೆದುಕೊಂಡಿದ್ದರೆ ಕಿಲೋಗೆ 0.47 ಮಿಲಿಗ್ರಾಂ ಆಯಿತು. ಇದಾದ ಮೇಲೆ ಅರ್ಧ ದ್ರಾವಣ ಚೆಲ್ಲಿಹೋದರೂ ಅನುಪಾತ 2.00 ಆಗಿಯೇ ಇರುತ್ತದೆ. ರಿಕವರಿ, ಅಂದರೆ ಇದ್ದದ್ದರಲ್ಲಿ ಎಷ್ಟು ಕೈಗೆ ಸಿಕ್ಕಿತು ಅನ್ನುವ ತಲೆನೋವೇ ಇಲ್ಲ.

ಆದರೆ ಈ ಅನುಕೂಲ ಸಿಗುವುದು ಬೆರೆತ ಮೇಲೆ ಮಾತ್ರ. ಸ್ಪೈಕ್ ಮೊದಲೇ ದ್ರವದಲ್ಲಿರುತ್ತದೆ, ಸ್ಯಾಂಪಲ್‌ನ ಕ್ಯಾಡ್ಮಿಯಂ ಕಣದೊಳಗೆ ಕೂತಿರುತ್ತದೆ. ಕಣ ಪೂರ್ತಿ ಕರಗದಿದ್ದರೆ ಅಲ್ಲಿ ಉಳಿದ ಕ್ಯಾಡ್ಮಿಯಂ ಲೆಕ್ಕಕ್ಕೇ ಬರುವುದಿಲ್ಲ. ಫಲಿತಾಂಶ ಕಡಿಮೆ ಬರುತ್ತದೆ, ಅನುಪಾತ ಮಾತ್ರ ನೋಡೋಕೆ ಚೆನ್ನಾಗಿಯೇ ಇರುತ್ತದೆ. ಎರಡೂ ಜೊತೆಗೇ ಬೆರೆಯಲಿ ಅಂತ ನಾನು ಸ್ಪೈಕನ್ನು ಡೈಜೆಷನ್‌ಗೆ (ಆಸಿಡ್‌ನಲ್ಲಿ ಬಿಸಿ ಮಾಡಿ ಸ್ಯಾಂಪಲ್ ಕರಗಿಸುವ ಹಂತ) ಮುಂಚೆಯೇ ಹಾಕುತ್ತೇನೆ. ಮೈಕ್ರೋವೇವ್ ಮುಗಿದ ಮೇಲೆ ಪಾತ್ರೆಯನ್ನು ವಾಲಿಸಿ ತಳವನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಬಿಳಿ ಮರಳಿನಂಥದ್ದು ಕಂಡರೆ ನೈಟ್ರಿಕ್ ಆಸಿಡ್ ಒಂದೇ ಸಾಲದು, ಹೈಡ್ರೋಫ್ಲೋರಿಕ್ ಆಸಿಡ್ ಸೇರಿಸಿ ಹೊಸ ಸ್ಯಾಂಪಲ್‌ನಿಂದ ಶುರು ಮಾಡುತ್ತೇನೆ.

ಇನ್ನು ತೂಕ. ಸ್ಪೈಕನ್ನು ನಾನು ಪಿಪೆಟ್‌ನ ಗೆರೆ ನಂಬಿ ಹಾಕುವುದಿಲ್ಲ. ಐದು ದಶಮಾಂಶದ ತಕ್ಕಡಿ ಮೇಲೆ ಪಾತ್ರೆ ಇಟ್ಟು, ಅರ್ಧ ಗ್ರಾಂ ಹಾಕಿ, ವ್ಯತ್ಯಾಸ ಬರೆದುಕೊಳ್ಳುತ್ತೇನೆ. ಇಲ್ಲಿ ಕಾಟ ಕೊಡುವುದು ಸ್ಟ್ಯಾಟಿಕ್, ಅಂದರೆ ಪಾತ್ರೆಯ ಮೇಲೆ ಕೂಡುವ ವಿದ್ಯುತ್. ಒಣ ಹವೆಯಲ್ಲಿ ಟೆಫ್ಲಾನ್ ಜಾತಿಯ ಪಾತ್ರೆ ಇಟ್ಟರೆ ಕೊನೆಯ ಅಂಕಿಗಳು ಒಂದೇ ಕಡೆ ಮೆಲ್ಲಗೆ ಸರಿಯುತ್ತಲೇ ಇರುತ್ತವೆ. ಆ ವಿದ್ಯುತ್ತನ್ನು ಹೋಗಿಸುವ ಅಯೋನೈಸರ್ ಮುಂದೆ ಹಿಡಿದು ಮತ್ತೆ ಇಟ್ಟರೆ ನಿಲ್ಲುತ್ತವೆ. ಹನಿ ಗೋಡೆಗೆ ಅಂಟಿದ್ದರೆ ಆಸಿಡ್‌ನಿಂದಲೇ ಅದನ್ನು ಕೆಳಕ್ಕೆ ತೊಳೆಯುತ್ತೇನೆ. ಸ್ಪೈಕ್ ಬಾಟಲನ್ನು ಮುಚ್ಚಿಡುವಾಗ ಒಮ್ಮೆ, ಮುಂದಿನ ಸಲ ತೆಗೆದಾಗ ಒಮ್ಮೆ ತೂಗುವುದು ಅಭ್ಯಾಸ. ಮಧ್ಯೆ ನೀರು ಆವಿಯಾಗಿದ್ದರೆ ಅದು ಗಟ್ಟಿಯಾಗಿರುತ್ತದೆ, ಬರೀ ಕಣ್ಣಿಗೆ ಅದು ಗೊತ್ತಾಗುವುದಿಲ್ಲ.

ಸ್ಪೈಕ್ ಎಷ್ಟು ಹಾಕಬೇಕು? ಇದನ್ನು ತಿಳಿಯಲು ಮೊದಲು ಮಾಮೂಲಿ ವಿಧಾನದಲ್ಲಿ ಒಂದು ಅಂದಾಜು ಮಾಡಿಕೊಳ್ಳಲೇಬೇಕು. ಮೇಲಿನ ಉದಾಹರಣೆಯಲ್ಲಿ ಅನುಪಾತ ಅಳೆಯುವಾಗ 1% ತಪ್ಪಿದರೆ ಉತ್ತರದಲ್ಲಿ ಸುಮಾರು 1.3% ವ್ಯತ್ಯಾಸ. ಉಳಿತಾಯ ಅಂತ ಸ್ಪೈಕ್ ಚೂರೇ ಹಾಕಿ, ಅನುಪಾತ 0.46ರಲ್ಲಿ ನಿಂತಿತು ಅನ್ನಿ. ಆಗ ಅದೇ 1% ತಪ್ಪು ಉತ್ತರವನ್ನು ಕಡಿಮೆಯೆಂದರೂ ಸುಮಾರು ನಾಲ್ಕನೇ ಒಂದು ಭಾಗ ಅಲುಗಿಸುತ್ತದೆ! ಸ್ಪೈಕ್ ತುಂಬಾ ಜಾಸ್ತಿಯಾದರೂ ಇದೇ ಕಥೆ, ಇನ್ನೊಂದು ತುದಿಯಿಂದ. ಬೆರಕೆಯ ಅನುಪಾತವು ಸ್ಯಾಂಪಲ್‌ನ (0.445) ಮತ್ತು ಸ್ಪೈಕ್‌ನ (95) ಅನುಪಾತಗಳ ಗುಣಲಬ್ಧದ ವರ್ಗಮೂಲದ ಹತ್ತಿರ ಇರಬೇಕು ಅಂತ ಸೂತ್ರ ಹೇಳುತ್ತದೆ, ಇಲ್ಲಿ ಅದು 6.5. ನಾನು 2ರಿಂದ 4ರೊಳಗೆ ನಿಲ್ಲಿಸುತ್ತೇನೆ. ಸ್ಪೈಕ್ ದುಬಾರಿ. ಜೊತೆಗೆ 114ರ ಸಿಗ್ನಲ್ ತೀರಾ ಸಣ್ಣದಾದರೆ ಡಿಟೆಕ್ಟರ್‌ಗೆ ಸಿಗುವ ಅಯಾನ್‌ಗಳ ಎಣಿಕೆ ಸಾಲುವುದಿಲ್ಲ. ಒಂದು ಲಕ್ಷ ಎಣಿಕೆಗೆ ಸುಮಾರು 0.3% ಅನಿಶ್ಚಿತತೆ ಇದ್ದೇ ಇರುತ್ತದೆ.

ಹಾಗಂತ ಸಿಗ್ನಲ್ ವಿಪರೀತ ಏರಿಸುವಂತೆಯೂ ಇಲ್ಲ. ಡಿಟೆಕ್ಟರ್‌ನ ಡೆಡ್ ಟೈಮ್ (ಒಂದು ಅಯಾನ್ ಎಣಿಸಿದ ಮೇಲೆ ಇನ್ನೊಂದನ್ನು ಎಣಿಸಲಾಗದ ಹೊತ್ತು) 50 ನ್ಯಾನೋಸೆಕೆಂಡ್ ಇದ್ದು, ಸೆಕೆಂಡಿಗೆ ಹತ್ತು ಲಕ್ಷ ಎಣಿಕೆ ಬಂದರೆ, 5% ಎಣಿಕೆ ಹಾಗೇ ಕೈತಪ್ಪುತ್ತದೆ. ಮಾಸ್ ಬಯಾಸ್ ಬೇರೆ ಇದೆ, ಅಂದರೆ ಹಗುರ ಮತ್ತು ಭಾರದ ಐಸೋಟೋಪ್‌ಗಳನ್ನು ಮೆಷಿನ್ ಸಮನಾಗಿ ಎಣಿಸುವುದಿಲ್ಲ. ಇವಕ್ಕೆಲ್ಲ ನನ್ನ ಉಪಾಯ ಒಂದೇ: ಶುದ್ಧ ಕ್ಯಾಡ್ಮಿಯಂ ಸ್ಟ್ಯಾಂಡರ್ಡ್‌ಗೆ ಅದೇ ಸ್ಪೈಕ್ ಹಾಕಿ, ಸ್ಯಾಂಪಲ್ ಬೆರಕೆಯಷ್ಟೇ ಅನುಪಾತ, ಅಷ್ಟೇ ಸಿಗ್ನಲ್ ಬರುವ ಇನ್ನೊಂದು ಬೆರಕೆ ಮಾಡಿಕೊಳ್ಳುವುದು. ಒಂದಾದ ಮೇಲೆ ಒಂದನ್ನು ಓಡಿಸಿದರೆ ಈ ತಪ್ಪುಗಳು ಎರಡರಲ್ಲೂ ಒಂದೇ ಥರ ಇದ್ದು, ಭಾಗಿಸುವಾಗ ಹೋಗಿಬಿಡುತ್ತವೆ. ಸ್ಪೈಕ್‌ನ ಸಾಂದ್ರತೆಯೂ ಇದರಿಂದಲೇ ಸಿಗುತ್ತದೆ.

ಎಲೆಪುಡಿಯಲ್ಲಿ ಮಾಲಿಬ್ಡಿನಂ ಇದ್ದರೆ ಎಚ್ಚರ. ಅದರ 95 ಐಸೋಟೋಪ್ ಆಕ್ಸಿಜನ್ ಜೊತೆ ಸೇರಿ 111ರ ಜಾಗಕ್ಕೆ, 98 ಸೇರಿ 114ರ ಜಾಗಕ್ಕೆ ಬಂದು ಕೂರುತ್ತದೆ. ತವರದಲ್ಲೂ 114 ಇದೆ. ಹಾಗಾಗಿ 113ನ್ನೂ ಓದಿ, 111-113 ಜೋಡಿಯಿಂದ ಬಂದ ಉತ್ತರ 111-114ರ ಉತ್ತರಕ್ಕೆ ಹೊಂದುತ್ತದಾ ಅಂತ ನೋಡುತ್ತೇನೆ. ಹೊಂದದಿದ್ದರೆ ಅಯಾನ್ ಎಕ್ಸ್‌ಚೇಂಜ್ ಕಾಲಂನಲ್ಲಿ (ಅಯಾನ್‌ಗಳನ್ನು ಹಿಡಿದಿಡುವ ರಾಳ ತುಂಬಿದ ಕೊಳವೆ) ಕ್ಯಾಡ್ಮಿಯಂ ಬೇರ್ಪಡಿಸುತ್ತೇನೆ. ಕಾಲಂನಲ್ಲಿ ಮೂರನೇ ಒಂದು ಭಾಗ ಉಳಿದುಹೋದರೂ ಚಿಂತೆಯಿಲ್ಲ, ಅನುಪಾತ ಸಾಕು ಅಲ್ವಾ?

ಕಳೆದುಹೋದದ್ದನ್ನು ಈ ವಿಧಾನ ಕ್ಷಮಿಸುತ್ತದೆ, ಹೊರಗಿನಿಂದ ಸೇರಿಕೊಂಡದ್ದನ್ನಲ್ಲ. ಆಸಿಡ್, ಗ್ಲೌಸ್, ಗಾಳಿಯ ಧೂಳು, ಎಲ್ಲದರಲ್ಲೂ ಇರುವ ಕ್ಯಾಡ್ಮಿಯಂ ಸ್ಯಾಂಪಲ್‌ನದೇ ಅಂತ ಲೆಕ್ಕಕ್ಕೆ ಬರುತ್ತದೆ. ಸೀಸದಲ್ಲಿ ಇದು ಇನ್ನೂ ಕಷ್ಟ. ಸೀಸದ ಐಸೋಟೋಪ್‌ಗಳನ್ನು ಅಳೆದು ಭೂಮಿಗೆ ಸುಮಾರು 455 ಕೋಟಿ ವರ್ಷ ಅಂತ 1956ರಲ್ಲಿ ಪ್ರಕಟಿಸಿದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ವರ್ಷಗಟ್ಟಲೆ ಹೆಣಗಿದ್ದು ಪ್ರಯೋಗಾಲಯದ ಸೀಸದ ಜೊತೆಗೇ. ಸೀಸಕ್ಕೆ ಇನ್ನೊಂದು ತೊಡಕೂ ಇದೆ. ಯುರೇನಿಯಂ, ಥೋರಿಯಂ ಒಡೆದು ಸೀಸ ಹುಟ್ಟುವುದರಿಂದ ಅದರ ಅನುಪಾತ ಅದಿರಿನಿಂದ ಅದಿರಿಗೆ ಬದಲಾಗುತ್ತದೆ. ಸ್ಪೈಕ್ ಹಾಕದ ಸ್ಯಾಂಪಲ್‌ನ ಅನುಪಾತವನ್ನೂ ಬೇರೆಯಾಗಿ ಅಳೆಯಬೇಕು.

ಸ್ಯಾಂಪಲ್ ಇಲ್ಲದೆ ಉಳಿದೆಲ್ಲವನ್ನೂ ಹಾಗೇ ಮಾಡಿದ ಪಾತ್ರೆಗೂ, ಅಂದರೆ ಬ್ಲಾಂಕ್‌ಗೂ, ಸಣ್ಣ ಪ್ರಮಾಣದ ಸ್ಪೈಕ್ ಹಾಕಿ ಇದೇ ವಿಧಾನದಲ್ಲಿ ಅಳೆಯುತ್ತೇನೆ. ಪ್ರತಿ ಬ್ಯಾಚ್‌ಗೆ ಒಂದೇ ಬ್ಲಾಂಕ್ ಇಡುವುದಿಲ್ಲ, ಹಲವು ಇಡುತ್ತೇನೆ. ಅವು ಒಂದಕ್ಕೊಂದು ಹತ್ತಿರ ಬಂದರೆ ಸ್ಯಾಂಪಲ್‌ನ ಉತ್ತರದಿಂದ ಕಳೆಯಬಹುದು, ಎಲ್ಲೆಲ್ಲೋ ಬಂದರೆ ಆ ಬ್ಯಾಚ್ ಬಿಟ್ಟುಬಿಡುತ್ತೇನೆ. ಆರ್ಸೆನಿಕ್, ಮ್ಯಾಂಗನೀಸ್, ಕೋಬಾಲ್ಟ್ ಕೇಳಿಕೊಂಡು ಬಂದವರಿಗೆ ಈ ವಿಧಾನ ಆಗುವುದಿಲ್ಲ ಅಂತ ಮೊದಲೇ ಹೇಳುತ್ತೇನೆ. ಅವಕ್ಕೆ ಸ್ಥಿರ ಐಸೋಟೋಪ್ ಇರುವುದೇ ಒಂದೊಂದು. ಅಲ್ಲಿ ಸ್ಟ್ಯಾಂಡರ್ಡ್ ಅಡಿಷನ್ (ಅದೇ ಧಾತುವನ್ನು ಗೊತ್ತಿರುವ ಪ್ರಮಾಣದಲ್ಲಿ ಸೇರಿಸುತ್ತಾ ಸಿಗ್ನಲ್ ಎಷ್ಟು ಏರುತ್ತದೆ ಅಂತ ನೋಡುವುದು) ಮಾಡಬೇಕು, ರಿಕವರಿಯನ್ನೂ ಸಾಬೀತು ಮಾಡಬೇಕು.