ಹಳೆಯ ಟೆಲಿ ಲೆನ್ಸ್ ಕೊಳ್ಳುವ ಮುನ್ನ ಪರೀಕ್ಷಿಸುವುದು ಹೇಗೆ?

ಮಾಟುಂಗ ಕಡೆಯಿಂದ ಲೋಕಲ್ ರೈಲಿನಲ್ಲಿ ಮುಂಬಯಿಯ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣಕ್ಕೆ ಬಂದಿಳಿದರೆ, ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಸಾಮಗ್ರಿಗೆ ಹೆಸರಾದ ಬೋರಾ ಬಜಾರ್ ಸಮೀಪದಲ್ಲೇ ಇದೆ. ಅಲ್ಲಿ ನಿಕಾನ್ ಕಂಪನಿಯ 200 ಎಂಎಂ ಎಫ್/4 ನಿಕಾರ್‌ನಂಥ, ದೂರದ್ದನ್ನು ಹತ್ತಿರ ತೋರಿಸುವ, ಕೈಯಿಂದಲೇ ಫೋಕಸ್ ಮಾಡುವ (ಮ್ಯಾನುಯಲ್ ಫೋಕಸ್) ಟೆಲಿ ಲೆನ್ಸ್ ಸಿಕ್ಕಾಗ ಅದರ ಲೋಹದ ಮೈಯೇ ಅರ್ಧ ವ್ಯಾಪಾರ ಮುಗಿಸಿಬಿಡುತ್ತದೆ. ಆದರೆ ಮುಂಬಯಿಯ ಮಳೆಗಾಲಗಳನ್ನು ಕಂಡಿರುವ ಲೆನ್ಸಿನಲ್ಲಿ ಮೊದಲು ನೋಡಬೇಕಾದದ್ದು ಗಾಜಿನ ಒಳಗಿನ ಫಂಗಸ್.

ಎರಡೂ ಮುಚ್ಚಳ ತೆಗೆದು, ಅಪರ್ಚರನ್ನು (ಬೆಳಕು ಒಳಬಿಡುವ ರಂಧ್ರ) ಪೂರ್ತಿ ತೆರೆದ ಎಫ್/4ಕ್ಕೆ ತಿರುಗಿಸಿ, ಹಿಂಬದಿಯಿಂದ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಜೇಡನ ಬಲೆಯಂಥ ಕವಲೊಡೆದ ಎಳೆಗಳು ಕಂಡರೆ ಆ ಲೆನ್ಸ್ ಬೇಡ. ಸ್ವಚ್ಛ ಮಾಡಿಸಿದರೂ ಗಾಜಿನ ತೆಳು ಲೇಪದ (ಕೋಟಿಂಗ್) ಮೇಲೆ ಅದು ಕೊರೆದ ಗುರುತು ಉಳಿಯಬಹುದು. ಬಿಡಿ ದೂಳಿನ ಕಣಗಳಿಗೆ ಹೆದರಬೇಕಿಲ್ಲ. ಮುಂದಿನ ಗಾಜಿನ ಮೇಲಿನ ಸಣ್ಣ ಗೀರು ಚಿತ್ರವನ್ನು ಹೆಚ್ಚೇನೂ ಕೆಡಿಸುವುದಿಲ್ಲ, ಚೌಕಾಸಿಗೆ ಮಾತ್ರ ಒಳ್ಳೆಯ ನೆಪವಾಗುತ್ತದೆ.

ಬಳಿಕ ಅಪರ್ಚರನ್ನು ಕಿರಿದಾದ ಎಫ್/22ಕ್ಕೆ ಇಟ್ಟು, ಹಿಂಬದಿಯ ಪುಟ್ಟ ಲಿವರನ್ನು ಬೆರಳಿನಿಂದ ಸರಿಸಿ ಬಿಡಿ. ಅಪರ್ಚರಿನ ಎಸಳುಗಳು ಥಟ್ಟನೆ ಮುಚ್ಚಿಕೊಳ್ಳಬೇಕು. ತಡವಾದರೆ ಗ್ರೀಸಿನ ಎಣ್ಣೆ ಅವುಗಳಿಗೆ ಇಳಿದಿರುವ ಸಾಧ್ಯತೆ ಹೆಚ್ಚು.

ಇಂಥ ಲೆನ್ಸಿನ ಜೀವವಿರುವುದು ಫೋಕಸ್ ರಿಂಗಿನಲ್ಲಿ, ಆದ್ದರಿಂದ ಇಲ್ಲಿ ಅವಸರ ಬೇಡ. ಎರಡು ಮೀಟರ್ ಗುರುತಿನಿಂದ ಅನಂತದವರೆಗೆ ನಿಧಾನವಾಗಿ ತಿರುಗಿಸಿದಾಗ ಬಿಗಿ ಎಲ್ಲೆಡೆ ಒಂದೇ ಸಮನಾಗಿರಬೇಕು. ಗಟ್ಟಿಯಾಗಿ ತಿರುಗಿದರೆ ಗ್ರೀಸ್ ಒಣಗಿದೆ. ಮೆಕ್ಯಾನಿಕ್‌ನಿಂದ ಸರಿಪಡಿಸಬಹುದು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಕರಕರ ಎಂದರೆ ಒಳಗೆ ಮರಳು ಸೇರಿರಬಹುದು. ಕಡಲ ತೀರದ ಊರಲ್ಲಿ ಇದೇನೂ ಅಪರೂಪವಲ್ಲ.

ನಿಕಾನ್ ಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಬಳಸುವವರು 1977ರಲ್ಲಿ ಬಂದ ಎಐ (ಆಟೊಮ್ಯಾಟಿಕ್ ಇಂಡೆಕ್ಸಿಂಗ್, ಲೆನ್ಸಿನ ಅಪರ್ಚರನ್ನು ಕ್ಯಾಮೆರಾಗೆ ತಾನೇ ತಿಳಿಸುವ ವ್ಯವಸ್ಥೆ) ಮಾದರಿಯನ್ನೋ ನಂತರದ್ದನ್ನೋ ಆರಿಸಿಕೊಳ್ಳಬೇಕು. ಅದಕ್ಕಿಂತ ಹಿಂದಿನ, ಮಾರ್ಪಡಿಸದ ಲೆನ್ಸನ್ನು ಹಲವು ಹೊಸ ಕ್ಯಾಮೆರಾ ಬಾಡಿಗಳಿಗೆ ಒತ್ತಿ ಕೂರಿಸಿದರೆ ಮೌಂಟಿನಲ್ಲಿರುವ (ಲೆನ್ಸ್ ಜೋಡಿಸುವ ಬಾಯಿ), ಬೆಳಕು ಅಳೆಯಲು ನೆರವಾಗುವ ಮೀಟರಿಂಗ್ ಕೊಂಡಿ ಮುರಿಯಬಹುದು. ಅಡಾಪ್ಟರ್ ಇರುವ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾದಲ್ಲಿ ಈ ತೊಂದರೆಯಿಲ್ಲ.

ಕೊನೆಗೆ, ಅಂಗಡಿಯವರ ಒಪ್ಪಿಗೆ ಪಡೆದು ಸಿಎಸ್‌ಎಂಟಿ ಎದುರು ನಿಂತು, ಕ್ಯಾಮೆರಾ ಪರದೆಯಲ್ಲಿ ಕಾಣುವ ದೃಶ್ಯವನ್ನು (ಲೈವ್ ವ್ಯೂ) ಹಿಗ್ಗಿಸಿ ಫೋಕಸ್ ಮಾಡಿ ಕೆಲವು ಚಿತ್ರ ತೆಗೆಯಿರಿ. ಶಟರ್ ವೇಗ 1/500 ಸೆಕೆಂಡ್ ಇದ್ದರೆ ಕೈನಡುಕದ ಚಿಂತೆ ಕಡಿಮೆ. ಗುಮ್ಮಟದ ತುದಿಯ ಪ್ರತಿಮೆಯ ಅಂಚಿನಲ್ಲಿ, ಬೆಳ್ಳನೆಯ ಆಕಾಶದ ಎದುರು, ಎಫ್/4ರಲ್ಲಿ ನೇರಳೆ ಗೆರೆ ಕಂಡರೆ ಅದು ಆ ಕಾಲದ ವಿನ್ಯಾಸದ ಮಿತಿ. ಎಫ್/8ಕ್ಕೆ ಇಳಿಸಿದಾಗ ಸಾಮಾನ್ಯವಾಗಿ ತಗ್ಗುತ್ತದೆ. ಆದರೆ ಮುಂಭಾಗದ ಕಿಟಕಿ ಸಾಲಿಗೆ ಎದುರಾಗಿ ನಿಂತು ತೆಗೆದ ಚಿತ್ರಗಳಲ್ಲಿ ಪ್ರತಿ ಬಾರಿಯೂ ಒಂದೇ ಬದಿ ಮಸುಕಾಗಿದ್ದರೆ ಲೆನ್ಸಿನ ಒಳಗಿನ ಗಾಜುಗಳು ಸಾಲು ತಪ್ಪಿವೆ ಎಂದೇ ತಿಳಿದು ಹಿಂದಿರುಗಿಸಿ.

ಮನೆಗೆ ತಂದ ಲೆನ್ಸನ್ನು ಅದರ ಹಳೆಯ ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ತೇವ ಹಿಡಿದಿಡುತ್ತದೆ. ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಹಾಗೂ ಪುಟ್ಟ ಆರ್ದ್ರತಾಮಾಪಕ ಹಾಕಿ, ಮುಳ್ಳು ಶೇ 40ರಿಂದ 50ರ ನಡುವೆ ನಿಲ್ಲುವಂತೆ ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೆಲ್ಲನ್ನು ಮತ್ತೆ ಮತ್ತೆ ಒಣಗಿಸಬೇಕಾಗುತ್ತದೆ.