ಪ್ರಿಮ್‌ರೋಸ್ ಎಣ್ಣೆ: ಆರು ತಿಂಗಳು ಬರೆದಿಟ್ಟ ಲೆಕ್ಕ

ಬಳ್ಳಾರಿಯಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ಈವನಿಂಗ್ ಪ್ರಿಮ್‌ರೋಸ್ ಅನ್ನುವ ಹೂಗಿಡದ ಬೀಜದ ಎಣ್ಣೆಯ ಕ್ಯಾಪ್ಸೂಲ್ ಕೇಳುವ ಹೆಂಗಸರು ಅಂಗಡಿ ಮುಂದೆ ಗಂಡಸರಿಲ್ಲದ ಹೊತ್ತು ನೋಡಿಕೊಂಡು ಬರುತ್ತಾರೆ. ಚೀಟಿ ಚಾಚಿ, ದನಿ ತಗ್ಗಿಸಿ, "ಅಕ್ಕಾ, ಇದು ತಗೊಂಡ್ರೆ ಎದೆನೋವು ಹೋಗ್ತದಾ?" ಅಂತಾರೆ. ಮುಟ್ಟಿಗೆ ಮುಂಚೆ ಮೊಲೆ ಬಿಗಿದು ನೋಯುತ್ತದಲ್ಲ, ಆ ನೋವು. ನನಗದು ಶುರುವಾದಾಗ 38 ವರ್ಷ. ಬ್ಲೌಸ್ ತಾಕಿದರೂ ಸಹಿಸಲಾಗುತ್ತಿರಲಿಲ್ಲ.

ಕ್ಯಾಪ್ಸೂಲ್ ಕೈಗೆಟಕುವ ಕಪಾಟಿನಲ್ಲೇ ಇತ್ತು. ಆದರೂ ಮೊದಲು ಡಾಕ್ಟರ ಹತ್ತಿರ ಹೋದೆ. ಕೈಯಿಂದ ಮುಟ್ಟಿ ನೋಡಿದರು, ಸ್ಕ್ಯಾನಿಂಗ್ ಮಾಡಿಸಿದರು, ಗಂಟು ಇರಲಿಲ್ಲ. ಎರಡೂ ಕಡೆ ನೋವು, ಮುಟ್ಟಾದ ಮೇಲೆ ಇಳಿಯುತ್ತದೆ, ಹಾಗಾಗಿ ಹಾರ್ಮೋನಿನದು ಅಂದರು. ಇದೇ ಕ್ಯಾಪ್ಸೂಲ್, ದಿನಕ್ಕೆ 1000 ಮಿ.ಗ್ರಾಂ., ಮೂರು ತಿಂಗಳಿಗೆ ಬರೆದುಕೊಟ್ಟರು.

ನಾನು ಒಂದು ತಿಂಗಳು ತಡೆದೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ, ದಿನಾ ಮಲಗುವ ಮುಂಚೆ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹಾಕಿದೆ. ಆ ತಿಂಗಳು ಮುಟ್ಟಿನ ಮುಂಚಿನ ಆರು ದಿನ 6, 7, 8, 8, 8, 7. ಆಮೇಲೆ ರಾತ್ರಿ ಊಟದ ಜೊತೆ ಕ್ಯಾಪ್ಸೂಲ್ ಶುರು ಮಾಡಿದೆ. ಖಾಲಿ ಹೊಟ್ಟೆಯಲ್ಲಿ ತಗೊಂಡ ಒಂದು ದಿನ ಹೊಟ್ಟೆ ತೊಳಸಿತ್ತು, ಮತ್ತೆ ಹಾಗೆ ಮಾಡಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಬಾಟಲಿ ಕಿಟಕಿ ಪಕ್ಕ ಉಳಿದುಬಿಟ್ಟಿತ್ತು. ಬಳ್ಳಾರಿ ಬಿಸಿಲು. ಅನುಮಾನ ಬಂದು ಒಂದನ್ನು ಸೂಜಿಯಿಂದ ಚುಚ್ಚಿ ಬೆರಳಿಗೆ ಹಿಂಡಿದೆ. ಹಳೆ ಶೇಂಗಾ ಎಣ್ಣೆಯ ಕಮಟು ವಾಸನೆ! ಹೊಸ ಬಾಟಲಿಯದನ್ನು ಹಿಂಡಿದರೆ ತಿಳಿ ಹಳದಿ, ವಾಸನೆಯೇ ಇಲ್ಲ. ಈ ಎಣ್ಣೆಯ ಸುಮಾರು ಮುಕ್ಕಾಲು ಪಾಲು ಲಿನೋಲೆಯಿಕ್ ಆಮ್ಲ ಅನ್ನುವ ಕೊಬ್ಬಿನಂಶ, ಅದು ಗಾಳಿ, ಬಿಸಿಗೆ ಬೇಗ ಕೆಡುತ್ತದೆ. ನಮ್ಮ ಕುಸುಬೆ ಎಣ್ಣೆಯಲ್ಲೂ ಅದು ಹೆಚ್ಚೂಕಮ್ಮಿ ಅಷ್ಟೇ ಇರುತ್ತದೆ. ಪ್ರಿಮ್‌ರೋಸ್‌ನಲ್ಲಿ ಅದರ ಜೊತೆಗೆ ಇನ್ನೊಂದು ಕೊಬ್ಬಿನಂಶ ಇದೆ, ಗಾಮಾ ಲಿನೋಲೆನಿಕ್ ಆಮ್ಲ, ನೂರಕ್ಕೆ ಎಂಟು-ಹತ್ತು ಪಾಲು. ಈ ಎಣ್ಣೆ ಹೆಸರು ಮಾಡಿದ್ದೆಲ್ಲ ಅದರಿಂದಲೇ.

ಮುಟ್ಟಿನ ಮುಂಚಿನ ನನ್ನ ಅಂಕಿ ಎರಡನೇ ತಿಂಗಳು 7, ಮೂರಕ್ಕೆ 5, ನಾಲ್ಕಕ್ಕೆ 4. ಖುಷಿಯಾಯಿತು. ಆದರೆ ಮೂರನೇ ತಿಂಗಳಲ್ಲೇ ಸರಿಯಾದ ಅಳತೆಯ ಬ್ರಾ ಹಾಕಲು ಶುರು ಮಾಡಿದ್ದೆ, ಸ್ಕ್ಯಾನಿಂಗ್ ನೋಡಿ ಮನಸ್ಸಿನ ಭಯವೂ ಹೋಗಿತ್ತು. ಯಾವುದರಿಂದ ಇಳಿಯಿತು? 2002ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 120 ಹೆಂಗಸರ ಮೇಲೆ ಪರೀಕ್ಷೆ ಮಾಡಿದಾಗ ಬೇರೆ ಸಾಧಾರಣ ಎಣ್ಣೆ ತಗೊಂಡವರಿಗೂ ನೋವು ಇಳಿದಿತ್ತು, ಪ್ರಿಮ್‌ರೋಸ್ ಅದಕ್ಕಿಂತ ಮೇಲು ಅನಿಸಲಿಲ್ಲ. ಅದೇ ವರ್ಷ ಬ್ರಿಟನ್ನು, ಮೊಲೆನೋವಿಗೂ, ಎಕ್ಸಿಮಾ ಅನ್ನುವ ಚರ್ಮದ ತುರಿಕೆ ರೋಗಕ್ಕೂ ಕೊಡುತ್ತಿದ್ದ ಪ್ರಿಮ್‌ರೋಸ್ ಔಷಧಿಗಳ ಲೈಸೆನ್ಸ್ ಹಿಂದಕ್ಕೆ ಪಡೆಯಿತು.

ನಾಲ್ಕನೇ ತಿಂಗಳು ಮುಗಿದ ಮೇಲೆ ಕ್ಯಾಪ್ಸೂಲ್ ನಿಲ್ಲಿಸಿದೆ, ಬ್ರಾ ಅದೇ ಇಟ್ಟುಕೊಂಡೆ. ಐದಕ್ಕೆ 4, ಆರಕ್ಕೂ 4. ಎಣ್ಣೆಯೇ ವಾಸಿ ಮಾಡಿತು ಅಂತ ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ತಗೊಳ್ಳಬೇಡಿ ಅಂತಲೂ ಯಾರಿಗೂ ಹೇಳುವುದಿಲ್ಲ, ಡಾಕ್ಟರು ಬರೆದಿದ್ದರೆ ಮೂರು ತಿಂಗಳು ನೋಡಿ, ಇಳಿಯದಿದ್ದರೆ ನಿಲ್ಲಿಸಿ ಅನ್ನುತ್ತೇನೆ. ರಕ್ತ ತೆಳುವಾಗಿಸುವ ವಾರ್ಫರಿನ್‌ನಂಥ ಮಾತ್ರೆ ತಗೊಳ್ತೀರಾ, ಮೂರ್ಛೆ ರೋಗ ಇದೆಯಾ, ಆಪರೇಷನ್ ಗೊತ್ತಾಗಿದೆಯಾ, ಬಸುರಿಯಾ ಅಂತ ಕೇಳಿಯೇ ಕೊಡುವುದು. ಅಂಕಿ ಹಾಕಲು ಹಳೆ ಕ್ಯಾಲೆಂಡರಿನ ಹಾಳೆಯೂ ಕೊಡುತ್ತೇನೆ.

ಮೊನ್ನೆ ಒಬ್ಬಾಕೆ ಆ ಹಾಳೆ ತುಂಬಿಸಿಕೊಂಡು ಬಂದಳು. ತಿಂಗಳಿಡೀ 5, 5, 5. ಮುಟ್ಟಾದ ಮೇಲೂ ಇಳಿದಿಲ್ಲ. "ಎಡಗಡೆ ಮಾತ್ರ ಅಕ್ಕಾ, ಒಂದೇ ಜಾಗ" ಅಂದಳು. ಕ್ಯಾಪ್ಸೂಲ್ ಕೊಡಲಿಲ್ಲ. ಸಂಜೆಯೊಳಗೆ ಡಾಕ್ಟರಿಗೆ ತೋರಿಸು ಅಂತ ಹೇಳಿ, ಆ ಹಾಳೆಯನ್ನು ಆಕೆಯ ಪರ್ಸಿನಲ್ಲೇ ಮಡಚಿಟ್ಟೆ.