ಗುಡಿ ಮುಂದಿನ ಬಯಲಲ್ಲಿ ಮೂಕಿ ಚಿತ್ರ: ಪರದೆ, ಪೇಟಿ, ಓದುವ ದನಿ

ಕಾರ್ಲ್ ಡ್ರೆಯರ್ 1924ರಲ್ಲಿ ಜರ್ಮನಿಯಲ್ಲಿ ತೆಗೆದ ‘ಮಿಖಾಯೆಲ್’ ಸುಮಾರು ಒಂದೂವರೆ ತಾಸಿನ ಮೂಕಿ ಚಿತ್ರ. ಹಿರಿಯ ಚಿತ್ರಕಾರ ಜೊರೆಗೆ ತನ್ನ ರೂಪದರ್ಶಿ ಮಿಖಾಯೆಲನ ಮೇಲೆ ಜೀವ; ಹುಡುಗನ ಮನಸ್ಸು ಒಬ್ಬ ರಾಜಕುಮಾರಿಯ ಹಿಂದೆ. ಬಾಗಲಕೋಟೆ, ವಿಜಯಪುರದ ಕಡೆ ಇದನ್ನು ತೋರಿಸಲು ನಾಟಕ ಕಂಪನಿಯ ಪೇಟಿ (ಹಾರ್ಮೋನಿಯಂ) ಮಾಸ್ತರರಿಗಿಂತ ಒಳ್ಳೆಯ ಜೊತೆಗಾರರು ಸಿಗಲಾರರು. ಚಿತ್ರದ ಪ್ರತಿ ಹೊರತಂದವರಿಂದ ಸಾರ್ವಜನಿಕ ಪ್ರದರ್ಶನಕ್ಕೆ ಲಿಖಿತ ಒಪ್ಪಿಗೆ ಮೊದಲು ಪಡೆಯಿರಿ.

ಹಳೆಯ ಚೌಕಟ್ಟಿನ ಅಗಲ–ಎತ್ತರ 4:3. ಇಂದಿನ ಪ್ರೊಜೆಕ್ಟರ್ 16:9. ಪೂರ್ತಿ ತುಂಬಲೆಂದು ಹಿಗ್ಗಿಸಿದರೆ ಮುಖಗಳೆಲ್ಲ ಊದಿಕೊಳ್ಳುತ್ತವೆ. ಈ ಚಿತ್ರದಲ್ಲಿ ಮುಖಗಳೇ ಕಥೆ. 12 ಅಡಿ ಅಗಲ, 9 ಅಡಿ ಎತ್ತರದ ಬಿಂಬ ಬೇಕಿದ್ದು, ಥ್ರೋ ರೇಶಿಯೋ (ಪರದೆಯ ದೂರವನ್ನು ಬಿಂಬದ ಅಗಲದಿಂದ ಭಾಗಿಸಿದ ಸಂಖ್ಯೆ) 1.5 ಇದ್ದರೆ ಪ್ರೊಜೆಕ್ಟರ್ 24 ಅಡಿ ದೂರ ಇರಲಿ. 12ನ್ನು 1.5ರಿಂದ ಗುಣಿಸಿ 18 ಅಡಿಗೆ ಇಟ್ಟವರಿಗೆ ಸಿಗುವುದು 9 ಅಡಿ ಅಗಲದ ಬಿಂಬ, ಏಕೆಂದರೆ ಆ ಲೆಕ್ಕ 16:9ರ ಪೂರ್ಣ ಅಗಲದ್ದು; 9 ಅಡಿ ಎತ್ತರಕ್ಕೆ ಆ ಅಗಲ 16 ಅಡಿ.

ಪರದೆಗೆ ಬಿಳಿ ಲಾಂಗ್‌ಕ್ಲಾತ್, ಹಿಂದೆ ಕರಿ ಬಟ್ಟೆ. ಕೆಳಗಿನ ಮಡಿಕೆಯಲ್ಲಿ ಬಿದಿರಿನ ಗಳ ತೂರಿಸಿ ಎರಡೂ ತುದಿ ಬಿಗಿಯಿರಿ, ಇಲ್ಲವಾದರೆ ಸಂಜೆಯ ಗಾಳಿಗೆ ಮುಖಗಳು ಅಲೆಯಾಡುತ್ತವೆ. ಮೇ ತಿಂಗಳಲ್ಲಿ ಏಳೂಮುಕ್ಕಾಲಕ್ಕೆ ಮೊದಲು ಶುರು ಮಾಡಬೇಡಿ.

ಇನ್ನು ಪೇಟಿ. ಪ್ರತಿಯಲ್ಲಿರುವ ಸಂಗೀತ ಪೂರ್ತಿ ಮುಚ್ಚಿ. ಮಾಸ್ತರರು ಮೊದಲ ಸಲ ವಾದ್ಯ ಮುಟ್ಟದೆ ನೋಡಲಿ. ಎರಡನೆಯ ಸಲ ಗುರುತು ಬರೆದುಕೊಳ್ಳಲಿ. ಗುರುತು ಗಡಿಯಾರದ್ದಲ್ಲ, ದೃಶ್ಯದ್ದು: ‘ಬಾಗಿಲು ತೆರೆಯಿತು’, ‘ಚಿತ್ರ ಮಾರಿದ’. ಜೊರೆಗೆ ಮಾರವಾ ಹೊಂದುತ್ತದೆ. ಷಡ್ಜಕ್ಕೆ ಬೇಗ ಬಾರದೆ ಕೋಮಲ ರಿಷಭ, ಶುದ್ಧ ಧೈವತಗಳ ಮೇಲೆ ತಂಗುವ ರಾಗವದು. ನೆಲೆ ಸಿಗದವನ ಸಂಕಟ ತಾನಾಗಿ ಬರುತ್ತದೆ. ಮಿಖಾಯೆಲ್–ರಾಜಕುಮಾರಿಗೆ ಖಮಾಜ್. ಎರಡಕ್ಕೂ ಒಂದೇ ಷಡ್ಜವಿರಲಿ, ಶ್ರುತಿಯಲ್ಲಿ ಪಂಚಮ ಬೇಡ: ಮಾರವಾದಲ್ಲಿ ಪಂಚಮವಿಲ್ಲ, ಹಿಂದೆ ಅದು ಮೊಳಗುತ್ತಿದ್ದರೆ ರಾಗ ಕೆಡುತ್ತದೆ. ತಬಲಾ ಔತಣ, ನಾಟಕಶಾಲೆಯಂಥ ಕಡೆ ಮಾತ್ರ.

ಎಲ್ಲರೂ ತಪ್ಪುವ ಜಾಗ ಒಂದಿದೆ. ರಾಜಕುಮಾರಿಯ ಚಿತ್ರ ಬರೆಯುವ ಜೊರೆಗೆ ಅವಳ ಕಣ್ಣು ಒಲಿಯುವುದಿಲ್ಲ. ಅದನ್ನು ಬರೆಯುವವನು ಮಿಖಾಯೆಲ್. ಗುರುವಿಗೆ ಎಲ್ಲ ತಿಳಿಯುವ ಗಳಿಗೆ ಅದು. ಕಂಪನಿಯ ರೂಢಿಯಂತೆ ಕೈ ಅಲ್ಲಿ ತಾನಾಗಿ ಜೋರಾಗುತ್ತದೆ. ತಡೆಯಿರಿ. ಕುಂಚ ಕೈ ಬದಲಿಸಿದಾಗ ಸ್ವರ ನಿಲ್ಲಲಿ, ಜೊರೆಯ ಮುಖ ಬಂದ ಮೇಲೆ ಒಂದೇ ರಿಷಭ.

ಜರ್ಮನ್ ಬರಹದ ಫಲಕಗಳನ್ನು ಕನ್ನಡದಲ್ಲಿ ಓದಲು ಒಬ್ಬರು ಬೇಕು. ಒಂದು ಫಲಕಕ್ಕೆ ಎಂಟು–ಹತ್ತು ಪದ ಸಾಕು. ಹೆಚ್ಚಾದರೆ ದನಿ ಮುಂದಿನ ಮುಖದ ಮೇಲೆ ಬೀಳುತ್ತದೆ. ನಾಟಕದ ಏರಿಳಿತ ಬೇಡ, ಪತ್ರ ಓದಿದಂತೆ ಓದಲಿ. ಅವರ ದೀಪಕ್ಕೆ ಕೆಂಪು ಕಾಗದ ಸುತ್ತಿ, ಬೆಳಕು ಪರದೆಗೆ ತಾಗದಂತೆ ತಿರುಗಿಸಿ.

ಜೊರೆ ಸಾಯುವಾಗಿನ ಮಾತು ಓದಿದ ಮೇಲೆ ಪೇಟಿ ಬೇಡ, ಶ್ರುತಿಯ ಷಡ್ಜವೊಂದೇ ಇರಲಿ. ಬಯಲಿನ ದೀಪ ಹಾಕುವವರಿಗೆ ಮೊದಲೇ ಹೇಳಿಡಿ: ಪರದೆ ಪೂರ್ತಿ ಕಪ್ಪಾಗಿ, ಶ್ರುತಿ ನಿಂತ ಮೇಲೆಯೇ ಸ್ವಿಚ್ ಮುಟ್ಟಬೇಕು.